ಸೈಕಲ್‌ನೋರ ಕಣ್ಣಲ್ಲಿ ಓಎಸ್ ಎಕ್ಸ್‌ಪ್ಲೋರರ್ ಓಎಲ್1 ಡಾರ್ಕ್ ಪೀಕ್ ಮ್ಯಾಪ್: ತಗೋಬೇಕಾ ಬೇಡ್ವಾ?

ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್‌ಗೆ ಮೌಂಟೇನ್ ಬೈಕ್ ತಗೊಂಡು ಹೋಗ್ತಿದೀವಿ, ಯಾವ ಆ್ಯಪ್ ಹಾಕ್ಕೊಳ್ಳೋದು ಅಂತ ಕೇಳೋರಿಗೆಲ್ಲ ನಾನು ಹೇಳೋದು ಒಂದೇ, ಮೊದ್ಲು ಓಎಲ್1 ಪೇಪರ್ ಮ್ಯಾಪ್ ತಗೊಳ್ರಪ್ಪ, ಆ್ಯಪ್ ಕಥೆ ಆಮೇಲೆ ನೋಡೋಣ. ಬ್ರಿಟನ್ನಿನ ಸರ್ಕಾರಿ ಮ್ಯಾಪ್ ಸಂಸ್ಥೆ ಆರ್ಡ್‌ನೆನ್ಸ್ ಸರ್ವೇ, ಅಂದ್ರೆ ಓಎಸ್, ಪೀಕ್ ಡಿಸ್ಟ್ರಿಕ್ಟ್‌ನ ಉತ್ತರದ ಗುಡ್ಡಗಾಡು ಡಾರ್ಕ್ ಪೀಕ್‌ಗೆ ಮಾಡಿರೋ ಮ್ಯಾಪ್ ಇದು. ನಡೆಯೋರು ಈ ಮ್ಯಾಪ್ ಬಗ್ಗೆ ಬೇಜಾನ್ ಬರ್ದಿದಾರೆ, ಸೈಕಲ್ ಹೊಡೆಯೋರಿಗೆ ಬೇಕಾಗಿರೋದು ಬೇರೇನೇ, ಅದಕ್ಕೆ ಈ ರಿವ್ಯೂ. ನನ್ ಕಡೆಯಿಂದ ಐದಕ್ಕೆ ನಾಲ್ಕು ಸ್ಟಾರ್. ಆ ಒಂದು ಸ್ಟಾರ್ ಯಾಕೆ ಕಟ್ ಆಯ್ತು ಅನ್ನೋದೇ ಮುಖ್ಯ ವಿಷ್ಯ, ಅದು ಮುಂದೆ ಬರತ್ತೆ.

ಸ್ಕೇಲು 1:25,000, ಅಂದ್ರೆ ಮ್ಯಾಪಲ್ಲಿ 4 ಸೆಂಟಿಮೀಟರ್ ಇದ್ರೆ ನೆಲದ ಮೇಲೆ 1 ಕಿಲೋಮೀಟರ್. ಎರಡೂ ಬದಿ ಪ್ರಿಂಟು, ಒಂದು ಕಡೆ ಪಶ್ಚಿಮ ಭಾಗ, ತಿರುಗಿಸಿದ್ರೆ ಪೂರ್ವ. ಹೇಫೀಲ್ಡ್ ಕಡೆಯಿಂದ ಹೊರಟು ಲೇಡಿಬೋವರ್ ಕೆರೆ ಕಡೆಗೆ ಹೋಗೋ ರೂಟ್ ಹಾಕಿದ್ರಂತೂ ದಾರಿ ಮಧ್ಯೆ ಮ್ಯಾಪ್ ತಿರುಗಿಸಲೇಬೇಕು. ಗುಡ್ಡದ ಮೇಲಿನ ಗಾಳಿಲಿ ಇದನ್ನ ಮಡಚೋದು ಟೆರೇಸ್ ಮೇಲೆ ಒಬ್ಬರೇ ನಿಂತು ಸೀರೆ ಮಡಚೋ ಥರ, ಇಬ್ಬರಿದ್ರೇ ಆಗೋದು. ಅದಕ್ಕೆ ಅವತ್ತಿನ ರೂಟ್ ಕಾಣೋ ಹಾಗೆ ಮನೇಲೇ ಮಡಚಿಟ್ಕೊಂಡು ಹೋಗೋದು ಒಳ್ಳೇದು.

ಸೈಕಲ್‌ನೋರಿಗೆ ಈ ಮ್ಯಾಪ್ ಯಾಕೆ ಬೇಕು ಅಂದ್ರೆ, ಇಂಗ್ಲೆಂಡಲ್ಲಿ ದಾರಿ ಕಾಣ್ತಿದೆ ಅಂತ ಎಲ್ಲಾ ಕಡೆ ಸೈಕಲ್ ಹೊಡೆಯೋ ಹಾಗಿಲ್ಲ. ಫುಟ್‌ಪಾತ್ ಅಂದ್ರೆ ನಡೆಯೋಕೆ ಮಾತ್ರ. ಬ್ರಿಡಲ್‌ವೇ ಅಂದ್ರೆ ನಡೆಯೋರು, ಕುದುರೆಯೋರು, ಜೊತೆಗೆ ಸೈಕಲ್‌ನೋರು, ಈ ಹಕ್ಕು ನಮಗೆ ಸಿಕ್ಕಿದ್ದು 1968ರ ಕಂಟ್ರಿಸೈಡ್ ಆ್ಯಕ್ಟಿಂದ, ಆದ್ರೆ ಅದೇ ಕಾನೂನಲ್ಲೇ ಇದೆ, ಕುದುರೆಗೂ ನಡೆಯೋರಿಗೂ ನಾವೇ ದಾರಿ ಬಿಡಬೇಕು. ಮ್ಯಾಪಲ್ಲಿ ಎರಡೂ ಹಸಿರು ತುಂಡು ಗೆರೇನೇ, ಚಿಕ್ಕ ಚಿಕ್ಕ ತುಂಡು ಇದ್ರೆ ಫುಟ್‌ಪಾತ್, ಉದ್ದ ತುಂಡು ಇದ್ರೆ ಬ್ರಿಡಲ್‌ವೇ. ಸಂಜೆ ಮಬ್ಬು ಬೆಳಕಲ್ಲಿ, ಮೇಲೆ ಮಳೆ ಹನಿ ಬಿದ್ದಿದ್ರೆ, ಎರಡಕ್ಕೂ ವ್ಯತ್ಯಾಸ ಗೊತ್ತಾಗೋದು ಕಷ್ಟಾನೇ. ಅದಕ್ಕೆ ಹೊರಡೋಕ್ಕೆ ಮುಂಚೆ ಬ್ರಿಡಲ್‌ವೇಗಳ ಮೇಲೆಲ್ಲ ಹೈಲೈಟರ್ ಎಳೆದ್ಬಿಡಿ, ಮ್ಯಾಪ್ ಹಾಳಾಯ್ತು ಅಂತ ಮರುಗೋದೇನೂ ಬೇಡ, ಗೋಡೆಗೆ ಹಾಕೋಕಲ್ವಲ್ಲ ತಂದಿರೋದು.

ಮೋಸ ಹೋಗೋ ಜಾಗಗಳು ಇನ್ನೂ ಇದಾವೆ. ಮ್ಯಾಪಿನ ಬಹುಪಾಲು ತೆಳು ಹಳದಿ ಬಣ್ಣ ಇರತ್ತೆ, ಅದು ಆ್ಯಕ್ಸೆಸ್ ಲ್ಯಾಂಡ್. ಓ ಎಲ್ಲಿ ಬೇಕಾದ್ರೂ ಹೋಗಬಹುದು ಅಂತ ಖುಷಿ ಪಡಬೇಡಿ, 2000ನೇ ಇಸವಿ ಕಾನೂನು ಕೊಟ್ಟಿರೋದು ನಡೆಯೋ ಹಕ್ಕು, ಸೈಕಲ್‌ಗೆ ಅದ್ರಲ್ಲಿ ಪಾಲಿಲ್ಲ. ಪೆನ್ನೈನ್ ವೇ ಅನ್ನೋ ಫೇಮಸ್ ದೂರದಾರಿ ಈಡೇಲ್ ಊರಿಂದಲೇ ಶುರು, ಮ್ಯಾಪಲ್ಲಿ ಹೆಸರು ಎದ್ದು ಕಾಣತ್ತೆ, ಆದ್ರೆ ಅದರ ಹೆಚ್ಚಿನ ಭಾಗ ಫುಟ್‌ಪಾತೇ. ಕಿಂಡರ್ ಸ್ಕೌಟ್ 636 ಮೀಟರ್, ಡಾರ್ಕ್ ಪೀಕಲ್ಲಿ ಅದೇ ಎತ್ತರ, 1932ರಲ್ಲಿ ಜನ ಗುಂಪಾಗಿ ನುಗ್ಗಿ ನಮಗೂ ನಡೆಯೋ ಹಕ್ಕು ಬೇಕು ಅಂತ ಹೋರಾಡಿದ್ದು ಅದರ ಮೇಲೇನೇ, ಆದ್ರೂ ಅದರ ನೆತ್ತಿಯ ಬಯಲಿಗೆ ಸೈಕಲ್ ಒಯ್ಯೋಕೆ ಬ್ರಿಡಲ್‌ವೇ ಇಲ್ಲ, ಪಕ್ಕದಿಂದ ಸುತ್ಕೊಂಡು ಹೋಗಬೇಕು, ಬೇಜಾರೇ ಆದ್ರೆ ರೂಲ್ಸ್ ಹಂಗಿದೆ.

ಈಗ ನನಗೆ ತುಂಬ ಇಷ್ಟ ಆಗಿರೋದು, ಕಾಂಟೂರ್ ಗೆರೆಗಳು, ಅಂದ್ರೆ ಒಂದೇ ಎತ್ತರದ ಜಾಗಗಳನ್ನ ಸೇರ್ಸೋ ಗೆರೆಗಳು. ಈ ಮ್ಯಾಪಲ್ಲಿ ಗೆರೆಯಿಂದ ಗೆರೆಗೆ 10 ಮೀಟರ್ ಎತ್ತರ, 50 ಮೀಟರ್‌ಗೊಂದು ದಪ್ಪ ಗೆರೆ. ಇದನ್ನ ಇಟ್ಕೊಂಡು ಸ್ಕೇಲ್ ಪಟ್ಟಿ ಹಿಡಿದ್ರೆ ಹತ್ತೋಕಾಗತ್ತಾ ತಳ್ಕೊಂಡು ಹೋಗಬೇಕಾ ಅಂತ ಮನೇಲೇ ಗೊತ್ತಾಗತ್ತೆ. ದಾರಿ ಗೆರೆಗಳನ್ನ ಅಡ್ಡ ದಾಟೋ ಕಡೆ ಎರಡು ಗೆರೆ ಮಧ್ಯೆ ಎರಡೂವರೆ ಮಿಲಿಮೀಟರ್ ಇದ್ರೆ ನೆಲದ ಮೇಲೆ ಸುಮಾರು 62 ಮೀಟರ್ ಹೋಗೋ ಅಷ್ಟರಲ್ಲಿ 10 ಮೀಟರ್ ಏರಿದಂಗೆ, ಅಂದ್ರೆ 16 ಪರ್ಸೆಂಟ್ ಏರು, ಸಣ್ಣ ಗೇರಲ್ಲಿ ಉಸಿರು ಬಿಟ್ಕೊಂಡು ತುಳಿಬಹುದು. ಒಂದೇ ಮಿಲಿಮೀಟರ್ ಇದ್ರೆ 40 ಪರ್ಸೆಂಟ್, ಅಲ್ಲಿ ತುಳಿಯೋ ಮಾತೇ ಇಲ್ಲ, ಹೆಗಲ ಮೇಲೆ ಸೈಕಲ್. ಸಿಂಪಲ್ ಲೆಕ್ಕ ಆದ್ರೆ ಮಾಡೋರು ಕಮ್ಮಿ, ಎಲ್ಲರೂ ಒಟ್ಟು ಕಿಲೋಮೀಟರ್ ಎಷ್ಟು ಅಂತ ಅಷ್ಟೇ ನೋಡ್ತಾರೆ.

ಸರಿ, ಕಟ್ ಆದ ಸ್ಟಾರ್ ವಿಷ್ಯಕ್ಕೆ ಬರ್ತೀನಿ. ದಾರೀಲಿ ಹೋಗೋ ಹಕ್ಕು ಇದೆಯಾ, ಎಷ್ಟು ಏರಿದೆ, ಇವೆರಡನ್ನ ಮ್ಯಾಪ್ ಚೆನ್ನಾಗಿ ಹೇಳತ್ತೆ, ಆದ್ರೆ ಟೈರ್ ಕೆಳಗೆ ಏನಿರತ್ತೆ ಅಂತ ಹೇಳಲ್ಲ. ಹುಲ್ಲಿನ ಮೇಲೆ ಆರಾಮಾಗಿ ಹೋಗೋ ಬ್ರಿಡಲ್‌ವೇಗೂ ಫುಟ್‌ಬಾಲ್ ಗಾತ್ರದ ಕಲ್ಲು ಉರುಳೋ ಬ್ರಿಡಲ್‌ವೇಗೂ ಅದೇ ಹಸಿರು ಗೆರೆ. ಜೇಕಬ್ಸ್ ಲ್ಯಾಡರ್ ತಗೊಳ್ಳಿ. ಹೇಫೀಲ್ಡ್ ಕಡೆಯಿಂದ ಹತ್ಕೊಂಡು ಈಡೇಲ್ ಕ್ರಾಸ್ ಅನ್ನೋ ಹಳೇ ಕಲ್ಲು ಶಿಲುಬೆ ದಾಟಿ ಈಡೇಲ್ ಕಣಿವೆಗೆ ಇಳಿಯೋ ದಾರಿ ಅದು. ಕಾಂಟೂರ್ ನೋಡಿದ್ರೆ ಕಡಿದಾಗಿದೆ ಅಂತಷ್ಟೇ ಗೊತ್ತಾಗತ್ತೆ. ಅಲ್ಲಿಗೆ ಹೋದ್ಮೇಲೇ ಕಾಣೋದು, ಮಳೆ ನೀರು ಮಣ್ಣೆಲ್ಲ ಕೊಚ್ಕೊಂಡು ಹೋಗಿ ಬರೀ ಬಂಡೆ ಮೂಳೆ ಎದ್ದಿರೋದು, ನೀರು ಹೋಗ್ಲಿ ಅಂತ ದಾರಿಗೆ ಅಡ್ಡ ಹಾಕಿರೋ ಕಲ್ಲಿನ ಚರಂಡಿಗಳು, ಮುಂದಿನ ಚಕ್ರ ಎತ್ತದೆ ಹೋದ್ರೆ ಟ್ಯೂಬ್ ಎರಡು ಕಡೆ ಕಚ್ಚಿ ಪಂಕ್ಚರ್ ಗ್ಯಾರಂಟಿ. ಕೆಳಗೆ ‘ನೋ’ ಅನ್ನೋ ಹೆಸರಿನ ನದಿ ಮೇಲೆ ಪುಟ್ಟ ಕಲ್ಲು ಸೇತುವೆ, ಅಲ್ಲಿ ಬಂದು ನಿಂತಾಗ ಬೆರಳು ಬ್ರೇಕ್ ಲಿವರ್ ಮೇಲಿಂದ ಬಿಡೋಕೇ ಬರಲ್ಲ ಅನ್ನೋ ಹಂಗಿರತ್ತೆ. ಟ್ಯೂಬ್‌ಲೆಸ್ ಹಾಕ್ಕೊಂಡು ಹೋಗಿ ಅಷ್ಟೇ ನಾನು ಹೇಳೋದು.

ಅದೇ ಥರ ಹೋಪ್ ಕಡೆಯಿಂದ ಹೋಗೋ ರೋಮನ್ ರಸ್ತೆ. ಹೋಪ್ ಕ್ರಾಸ್ ಅಂತ ದಾರಿ ತೋರ್ಸೋ ಕಲ್ಲು ಕಂಬ ನಿಂತಿದೆ, ಅದರ ಮೇಲೆ 1737 ಅಂತ ಕೆತ್ತಿದಾರೆ, ನಾಲ್ಕು ಮುಖಕ್ಕೆ ನಾಲ್ಕು ಊರಿನ ಹೆಸರು, ಈಡೇಲ್, ಹೋಪ್, ಗ್ಲಾಸಪ್, ಶೆಫೀಲ್ಡ್. ಇದು ಮ್ಯಾಪಲ್ಲೂ ಇದೆ, ಖುಷಿಯಾಗತ್ತೆ. ಆದ್ರೆ ಅಲ್ಲೇ ಹತ್ತಿರ ಸೈಕಲ್‌ನೋರೆಲ್ಲ ದಿ ಬೀಸ್ಟ್ ಅಂತ ಕರೆಯೋ ಇಳಿಜಾರಿದೆಯಲ್ಲ, ಆ ಹೆಸರು ಮ್ಯಾಪಲ್ಲಿ ಇಲ್ಲ, ಇನ್ನೊಂದು ಹಸಿರು ಗೆರೆ ಅಷ್ಟೇ, ಹೊಸಬರು ಸುಮ್ನೆ ಶಾರ್ಟ್‌ಕಟ್ ಅನ್ಕೊಂಡು ಇಳಿದ್ಬಿಟ್ರೆ ಕಷ್ಟ.

ಮೂರ್‌ಲ್ಯಾಂಡ್, ಅಂದ್ರೆ ಗುಡ್ಡದ ಮೇಲಿನ ಬಯಲು, ಅದರ ಬಗ್ಗೆನೂ ಹೇಳ್ಬೇಕು. ಮೇಲೆ ಮರ ಇಲ್ಲ, ಹೆದರ್ ಪೊದೆ, ಒರಟು ಹುಲ್ಲು, ಕೆಳಗೆ ಪೀಟ್ ಅನ್ನೋ ಕಪ್ಪು ಮಣ್ಣು, ಸ್ಪಂಜಿನ ಥರ ನೀರು ಹಿಡಿದಿರತ್ತೆ. ಕಟ್ ಗೇಟ್ ಅಂತ ಲ್ಯಾಂಗ್‌ಸೆಟ್‌ನಿಂದ ಮೇಲಿನ ಡರ್ವೆಂಟ್ ಕಣಿವೆಗೆ ಹೋಗೋ ಬ್ರಿಡಲ್‌ವೇ ಇದೆ, ನನ್ನ ಪ್ರಕಾರ ಈ ಮ್ಯಾಪಲ್ಲಿರೋ ಬೆಸ್ಟ್ ರೂಟ್ ಅದೇ. ಒಣಗಿದ್ದಾಗ ಸ್ವರ್ಗ, ಮಳೆ ಆದ್ಮೇಲೆ ಹೋದ್ರೆ ನಮಗೂ ಕಷ್ಟ, ಚಕ್ರದ ಗಾಯಕ್ಕೆ ಪೀಟ್ ಕೂಡ ಹಾಳು. ಅಲ್ಲಿನ ಕುಖ್ಯಾತ ಕೆಸರು ಗುಂಡಿ ರಿಪೇರಿಗೆ ಮೆಂಡ್ ಅವರ್ ಮೌಂಟನ್ಸ್ ಅನ್ನೋ ಅಭಿಯಾನದಲ್ಲಿ ಸೈಕಲ್‌ನೋರು, ಕುದುರೆಯೋರು, ನಡೆಯೋರು ಎಲ್ಲ ಸೇರಿ ದುಡ್ಡು ಎತ್ತಿದ್ರು. ಕೆಳಗಿಳಿದ್ರೆ ಸ್ಲಿಪರಿ ಸ್ಟೋನ್ಸ್ ಅನ್ನೋ ಜಾಗದಲ್ಲಿ ಹಳೇ ಪ್ಯಾಕ್‌ಹಾರ್ಸ್ ಸೇತುವೆ, ಅಂದ್ರೆ ಸಾಮಾನು ಹೊರೋ ಕುದುರೆಗಳ ಸೇತುವೆ, ಸಿಗತ್ತೆ, ಲೇಡಿಬೋವರ್ ನೀರಲ್ಲಿ ಮುಳುಗಿದ ಡರ್ವೆಂಟ್ ಹಳ್ಳಿಯಿಂದ ಕಲ್ಲು ಕಲ್ಲೇ ಬಿಚ್ಚಿ ತಂದು 1959ರಲ್ಲಿ ಇಲ್ಲಿ ಕಟ್ಟಿರೋದು. ಬರೀ ನ್ಯಾವಿಗೇಶನ್ ಬಾಣ ನೋಡ್ಕೊಂಡು ಹೋಗೋರು ಇದರ ಮೇಲೇ ದಾಟಿ ಹೋಗಿರ್ತಾರೆ, ಗೊತ್ತೇ ಆಗಿರಲ್ಲ.

ಆ್ಯಪ್ ವಿಷ್ಯ. ಪೇಪರ್ ಮ್ಯಾಪ್ ಕವರ್ ಒಳಗಡೆ ಒಂದು ಕೋಡ್ ಇರತ್ತೆ, ಅದರಿಂದ ಇದೇ ಮ್ಯಾಪ್ ಫೋನಿಗೂ ಬರತ್ತೆ. ಮನೆ ವೈಫೈಯಲ್ಲೇ ಡೌನ್‌ಲೋಡ್ ಮಾಡ್ಕೊಳ್ಳಿ, ಕಣಿವೆ ಒಳಗೆ ಸಿಗ್ನಲ್ ನಂಬ್ಕೊಂಡು ಹೋಗಬೇಡಿ. ನಾನೆಲ್ಲಿದೀನಿ ಅನ್ನೋಕೆ ಫೋನು, ಎಲ್ಲಿಗೆ ಹೋಗ್ಲಿ ಅಂತ ಯೋಚ್ನೆ ಮಾಡೋಕೆ ಪೇಪರ್ರು, ಚಿಕ್ಕ ಸ್ಕ್ರೀನಲ್ಲಿ ಎರಡು ಕಣಿವೆ ಒಟ್ಟಿಗೆ ಕಾಣಲ್ಲ ನೋಡಿ. ಮೇಲಾಗಿ ಮಳೇಲಿ ಟಚ್ ಸ್ಕ್ರೀನ್ ಅದಕ್ಕೇ ಬೇಕಾದಂಗೆ ಝೂಮ್ ಆಗ್ತಿರತ್ತೆ.

ಹಾರ್ವೆ ಅನ್ನೋ ಇನ್ನೊಂದು ಮ್ಯಾಪ್ ಕಂಪನಿಯ ಡಾರ್ಕ್ ಪೀಕ್ ಮ್ಯಾಪೂ ಇದೆ, 1:40,000, ಪ್ಲಾಸ್ಟಿಕ್ ಥರದ ಹಾಳೆ, ನೆನೆಯಲ್ಲ, ಹಗುರ, ಜೇಬಲ್ಲಿ ಕೂರತ್ತೆ. ಗುಡ್ಡದ ಮೇಲೆ ಓದೋಕೆ ಅದೇ ಸುಲಭ, ಆದ್ರೆ ಬ್ರಿಡಲ್‌ವೇ ಹುಡುಕಿ ರೂಟ್ ಹೆಣೆಯೋಕೆ ನನಗೆ ಓಎಸ್ಸೇ ಸರಿ ಅನ್ಸತ್ತೆ. ಓಎಸ್ ಗೆರೆನೂ ಕೋರ್ಟಲ್ಲಿ ನಿಲ್ಲೋ ಸಾಕ್ಷಿ ಅಲ್ಲ, ಅಧಿಕೃತ ದಾಖಲೆ ಇರೋದು ಆಯಾ ಕೌನ್ಸಿಲ್ ಹತ್ರ, ದಾರಿ ಬದಲಾಯಿಸಿ ಬೋರ್ಡ್ ಹಾಕಿದ್ರೆ ಬೋರ್ಡ್ ಹೇಳಿದ ಹಾಗೆ ಹೋಗಿ.

ರೈಲಲ್ಲಿ ಬರೋರಿಗೆ ಮ್ಯಾಪ್ ಇನ್ನೂ ಉಪಯೋಗ, ಮ್ಯಾಂಚೆಸ್ಟರ್ ಶೆಫೀಲ್ಡ್ ಮಧ್ಯದ ಲೈನಲ್ಲಿ ಈಡೇಲ್, ಹೋಪ್, ಬ್ಯಾಮ್‌ಫೋರ್ಡ್ ಸ್ಟೇಷನ್ ಇದಾವೆ, ಒಂದರಲ್ಲಿ ಇಳಿದು ಗುಡ್ಡ ದಾಟಿ ಇನ್ನೊಂದರಲ್ಲಿ ಹತ್ತಬಹುದು. ನಿಂತು ನಿಂತು ಹೋಗೋ ಲೋಕಲ್ ರೈಲಿಗೆ ಎರಡೇ ಸೈಕಲ್ ಬಿಡೋದು, ಮೊದಲು ಬಂದೋರಿಗೆ ಮೊದಲು, ನಾಲ್ಕೈದು ಜನ ಗುಂಪಾಗಿ ಬಂದ್ರೆ ಕೂಡಲ್ಲ.

ಡರ್ವೆಂಟ್ ಕಣಿವೆಯ ಫೇರ್‌ಹೋಮ್ಸ್ ಕಡೆ ಮಕ್ಕಳ ಜೊತೆ ಸೈಕಲ್‌ನಲ್ಲಿ ಕೆರೆ ಪಕ್ಕ ಸುತ್ತೋ ಪ್ಲಾನ್ ಇದ್ರೆ ಈ ಮ್ಯಾಪ್ ಬೇಡ, ದುಡ್ಡು ಉಳಿಸಿ. ಕ್ಯಾಸಲ್ಟನ್‌ನಿಂದ ದಕ್ಷಿಣದ ಸುಣ್ಣಕಲ್ಲಿನ ಸೀಮೆಗೆ ಹೋಗೋದಾದ್ರೆ ಓಎಸ್‌ನೋರದೇ ಇನ್ನೊಂದು ಮ್ಯಾಪ್, ಓಎಲ್24 ವೈಟ್ ಪೀಕ್ ಬೇಕು. ಇನ್ನು ಇದೇ ಓಎಲ್1ರ ಪ್ಲಾಸ್ಟಿಕ್ ಲೇಪನದ ಆ್ಯಕ್ಟಿವ್ ಮ್ಯಾಪ್ ತಗೋಬೇಕಾ ಅಂದ್ರೆ, ಅದು ದಪ್ಪ, ಮಡಚೋದು ಇನ್ನೂ ಕಷ್ಟ, ದುಡ್ಡೂ ಜಾಸ್ತಿ. ಮಾಮೂಲಿ ಪೇಪರಿಂದನ್ನೇ ತಗೊಂಡು ಜಿಪ್‌ಲಾಕ್ ಕವರಲ್ಲಿ ಹಾಕಿ ಜರ್ಸಿ ಹಿಂದಿನ ಜೇಬಿಗೆ ತುರುಕ್ಕೊಳ್ಳಿ, ಸಾಕು.