ಮಾಸ್ಟರ್ಸ್ ನೋಡಲು ಹೊರಟವರಿಗೆ: ಕಾಲಿಗೇನು, ಮೈಗೇನು, ಚೀಲಕ್ಕೇನು

ಜಾರ್ಜಿಯಾದ ಆಗಸ್ಟಾ ನ್ಯಾಷನಲ್ ಕ್ಲಬ್ಬಿನಲ್ಲಿ ನಡೆಯುವ ಮಾಸ್ಟರ್ಸ್ ಗಾಲ್ಫ್ ಟೂರ್ನಮೆಂಟಿಗೆ ಏನು ಹಾಕಿಕೊಂಡು ಹೋಗಬೇಕು ಅಂತ ಅಟ್ಲಾಂಟಾದ ಕನ್ನಡದ ಗೆಳತಿಯರು ನನ್ನನ್ನು ಕೇಳುತ್ತಲೇ ಇರುತ್ತಾರೆ. ಎಲ್ಲರಿಗೂ ನನ್ನ ಮೊದಲ ಉತ್ತರ ಒಂದೇ: ಶೂ. ಬಟ್ಟೆಯ ಬಣ್ಣ, ಟೋಪಿ, ತಂಪು ಕನ್ನಡಕ ಎಲ್ಲ ಆಮೇಲಿನ ಮಾತು. ಟೀವಿಯಲ್ಲಿ ಆ ಮೈದಾನ ಹಾಸಿಟ್ಟ ಜಮಖಾನದ ಹಾಗೆ ಸಮತಟ್ಟಾಗಿ ಕಾಣುತ್ತದೆ. ನಿಜದಲ್ಲಿ ಅದು ಗುಡ್ಡದ ಜಾಗ. ಕ್ಲಬ್‌ಹೌಸ್ ಇರುವುದು ದಿಣ್ಣೆಯ ಮೇಲೆ, ತೊರೆ ಹರಿಯುವ 12ನೇ ಹೋಲ್ (ಆಟದ ಹದಿನೆಂಟು ಹಂತಗಳಲ್ಲಿ ಒಂದು) ಇರುವುದು ತೀರಾ ತಗ್ಗಿನಲ್ಲಿ. 10ನೇ ಹೋಲ್ ಒಂದರಲ್ಲೇ ಟೀಯಿಂದ (ಮೊದಲ ಹೊಡೆತದ ಜಾಗ) ಗ್ರೀನ್‌ವರೆಗೆ (ಕುಳಿಯಿರುವ ನುಣುಪು ಹುಲ್ಲು) ಸುಮಾರು 100 ಅಡಿ ಇಳಿಜಾರು. ಬೆಳಗ್ಗೆ ಉತ್ಸಾಹದಲ್ಲಿ ಇಳಿದುಬಿಡುತ್ತೀರಿ, ಸಂಜೆ ಅದನ್ನೇ ಹತ್ತಬೇಕು.

ನಾವು ಹೋದದ್ದು 2025ರ ಏಪ್ರಿಲ್ 8, ಮಂಗಳವಾರದ ಪ್ರಾಕ್ಟೀಸ್ ರೌಂಡಿಗೆ, ಅಂದರೆ ಪಂದ್ಯಕ್ಕೆ ಮುಂಚಿನ ಅಭ್ಯಾಸದ ಆಟಕ್ಕೆ. ಜೊತೆಗೆ ಮೈಸೂರಿನಿಂದ ಬಂದಿದ್ದ ನಮ್ಮ ಭಾವನವರು. ಅಲ್ಲಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನಲ್ಲಿ, ರೇಸ್‌ಕೋರ್ಸಿನ ಬಯಲಲ್ಲಿ, ಆಡಿ ಅಭ್ಯಾಸವಿರುವವರು. ಅವರಿಗೆ ಚಪ್ಪಟೆ ನೆಲ ಗೊತ್ತು, ಈ ಏರುತಗ್ಗು ಗೊತ್ತಿಲ್ಲ. ಹಿಂದಿನ ರಾತ್ರಿ ಹೊಸ ಚರ್ಮದ ಶೂ ಹೊರತೆಗೆದಿಟ್ಟಿದ್ದರು. "ಭಾವ, ಅದು ಬೇಡಿ, ದಿನಾ ವಾಕಿಂಗ್‌ಗೆ ಹಾಕ್ಕೊಳ್ತೀರಲ್ಲ, ಅದೇ ಇರಲಿ" ಅಂದೆ. "ಏನಮ್ಮಾ, ಮಾಸ್ಟರ್ಸ್‌ಗೆ ಹಳೇ ಶೂನಾ?" ಅಂದರೂ ಒಪ್ಪಿದರು. ಸೋಮವಾರ ಗುಡುಗು ಮಳೆ ಅಂತ ಮಧ್ಯಾಹ್ನಕ್ಕೆ ಮುಂಚೆಯೇ ಮೈದಾನ ಖಾಲಿ ಮಾಡಿಸಿದ್ದರು. ಮಂಗಳವಾರ ಬಿಸಿಲು ಬಂದರೂ ಜನ ಓಡಾಡುವ ಹುಲ್ಲು ಒದ್ದೆಯಾಗಿಯೇ ಇತ್ತು. ನೀರು ಒಳಗೆ ಬಿಡದ, ತಳದಲ್ಲಿ ಹಿಡಿತವಿರುವ, ಆಗಲೇ ಕಾಲಿಗೆ ಒಗ್ಗಿದ ವಾಕಿಂಗ್ ಶೂ ಆಗಬೇಕು. ಲೋಹದ ಮೊಳೆಯಿರುವ ಗಾಲ್ಫ್ ಶೂ ಒಳಗೆ ಬಿಡುವುದೇ ಇಲ್ಲ. ಚೀಲದಲ್ಲಿ ಇನ್ನೊಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ. ಮಧ್ಯಾಹ್ನ 16ನೇ ಹೋಲಿನ ಹತ್ತಿರ ಕೂತು ಒಣ ಕಾಲುಚೀಲ ಹಾಕಿಕೊಂಡ ಮೇಲೆ ನನ್ನ ಉಳಿದ ದಿನವೇ ಹಗುರವಾಯಿತು.

ಬಟ್ಟೆಗೆ ಬಂದರೆ, ಏಪ್ರಿಲ್‌ನ ಜಾರ್ಜಿಯಾ ಬೆಳಗ್ಗೆ ಸ್ವೆಟರ್ ಬೇಡುತ್ತದೆ, ಮಧ್ಯಾಹ್ನ ಬೆವರಿಳಿಸುತ್ತದೆ. ಒಂದರ ಮೇಲೊಂದು ಹಾಕಿಕೊಂಡು, ಬಿಸಿಲೇರಿದಂತೆ ತೆಗೆದು ಸೊಂಟಕ್ಕೆ ಕಟ್ಟಿಕೊಳ್ಳುವಂಥದ್ದೇ ಸರಿ. ನಾನು ಹಾಕಿದ್ದು ತಿಳಿ ಬಣ್ಣದ ಕಾಟನ್ ಪ್ಯಾಂಟು, ತುಂಬು ತೋಳಿನ ಕಾಲರ್ ಟೀಶರ್ಟು, ಮಡಚಿದರೆ ಮುಷ್ಟಿಯಷ್ಟಾಗುವ ಜಾಕೆಟ್ಟು. ತಿಳಿ ಬಣ್ಣ ಏಕೆಂದರೆ ಆ ಕಾಲದಲ್ಲಿ ಪೈನ್ ಮರಗಳ ಪರಾಗ ಹಳದಿ ಪುಡಿಯಾಗಿ ಎಲ್ಲೆಲ್ಲೂ ಕೂರುತ್ತದೆ, ಕಪ್ಪು ಬಟ್ಟೆಯ ಮೇಲೆ ಎದ್ದು ಕಾಣುತ್ತದೆ. ಮಳೆ ತೊಳೆದಿದ್ದರೂ ಪಾರ್ಕಿಂಗ್ ಜಾಗದಲ್ಲಿ ನೀರು ನಿಂತಲ್ಲೆಲ್ಲ ಹಳದಿ ಅಂಚು ಕಟ್ಟಿತ್ತು. ಸೀನು, ಕಣ್ಣುರಿ ಇರುವವರು ಮಾತ್ರೆಯನ್ನು ಮನೆಯಲ್ಲೇ ನುಂಗಿ ಹೊರಡಿ. ಚೂಡಿದಾರ್ ಹಾಕಿಕೊಳ್ಳಬಹುದಾ ಅಂತ ಕೇಳುವವರಿದ್ದಾರೆ. ಧಾರಾಳವಾಗಿ, ಪ್ರೇಕ್ಷಕರಿಗೆ ಸಮವಸ್ತ್ರದಂಥ ಕಟ್ಟುಪಾಡೇನೂ ಇಲ್ಲ. ದುಪಟ್ಟಾ ಮಾತ್ರ ಬಿಟ್ಟು ಹೋಗಿ. ಸೀರೆ ನನಗೆ ಪ್ರಾಣ, ಆದರೂ ಒದ್ದೆ ಹುಲ್ಲಿನ ಇಳಿಜಾರಿಗೆ ಅದು ಬೇಡ. ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಳ್ಳುವುದಕ್ಕೆ ಇಲ್ಲಿ ಒಪ್ಪುವುದಿಲ್ಲ, ಹುಡುಗರಿಗೆ ಮೊದಲೇ ಹೇಳಿ.

ಚೀಲ 10 ಇಂಚು, 10 ಇಂಚು, 12 ಇಂಚಿನ ಅಳತೆ ಮೀರಬಾರದು. ಮೊಬೈಲ್ ಸಂಪೂರ್ಣ ನಿಷಿದ್ಧ, ಕಾರಿನಲ್ಲೇ ಬಿಟ್ಟು ಬರಬೇಕು. ಕ್ಯಾಮೆರಾ ಪ್ರಾಕ್ಟೀಸ್ ದಿನಗಳಲ್ಲಿ ಮಾತ್ರ, ಗುರುವಾರದಿಂದ ಭಾನುವಾರದವರೆಗೆ ಅದೂ ಇಲ್ಲ. ಹಾಗಾಗಿ ಕೈಗೆ ಮುಳ್ಳಿನ ಗಡಿಯಾರ ಕಟ್ಟಿ, ಮಕ್ಕಳ ಫೋನ್ ನಂಬರ್ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಒಳಗೆ ಪುಕ್ಕಟೆ ಫೋನ್‌ಗಳ ಸಾಲೇ ಇದೆ, ಅಲ್ಲಿಂದ ಮನೆಗೆ ಮಾತಾಡಬಹುದು. ಮಗಳು ಗುರುತಿಲ್ಲದ ನಂಬರ್ ಅಂತ ಎತ್ತದೆ ಇರಬಾರದಲ್ಲ, ಅವಳಿಗೆ ಮುಂಚೆಯೇ ಹೇಳಿಟ್ಟಿದ್ದೆ. ತಪ್ಪಿಸಿಕೊಂಡರೆ ಸೇರುವ ಜಾಗ ಒಳಹೊಕ್ಕ ತಕ್ಷಣ ಗೊತ್ತುಮಾಡಿಕೊಳ್ಳಿ. ನಮ್ಮದು 1ನೇ ಹೋಲಿನ ಬಳಿಯ ದೊಡ್ಡ ಸ್ಕೋರ್‌ಬೋರ್ಡಿನ ಕೆಳಗೆ.

ಮೊಬೈಲ್ ಇಲ್ಲದ ಜನಸಂದಣಿ ಹೇಗಿರುತ್ತದೆ ಅನ್ನುವುದನ್ನು ನಾನು ಮರೆತೇಬಿಟ್ಟಿದ್ದೆ. ಎಲ್ಲರ ತಲೆ ಎತ್ತಿಕೊಂಡಿರುತ್ತದೆ. ಪಕ್ಕದವರು ತಾವಾಗಿ ಮಾತಾಡಿಸುತ್ತಾರೆ. 12ನೇ ಹೋಲಿನ ಟೀ ಹಿಂದಿನ ಮೆಟ್ಟಿಲಾಸನದಲ್ಲಿ ಕೂತಾಗ ಪಕ್ಕದ ಹಿರಿಯ ಹೆಂಗಸೊಬ್ಬರು, ಗಾಳಿ ನೋಡಬೇಕಾದರೆ ಗ್ರೀನ್ ಮೇಲಿನ ಬಾವುಟವನ್ನಷ್ಟೇ ನೋಡಬೇಡಿ, ಪಕ್ಕದ 11ರ ಬಾವುಟವನ್ನೂ ನೋಡಿ ಅಂತ ತೋರಿಸಿಕೊಟ್ಟರು. ಎರಡೂ ಬೇರೆ ಬೇರೆ ದಿಕ್ಕಿಗೆ ತಿರುಗಿದ್ದವು! ಬರೀ 155 ಗಜದ ಆ ಹೋಲ್ ಘಟಾನುಘಟಿಗಳನ್ನೂ ಏಕೆ ಕಾಡುತ್ತದೆ ಅನ್ನುವುದು ಆಗ ಅರ್ಥವಾಯಿತು. ಗ್ರೀನ್ ಹತ್ತಿರಕ್ಕೆ ಜನರನ್ನು ಬಿಡುವುದಿಲ್ಲ, ಆದ್ದರಿಂದ ಬೈನಾಕ್ಯುಲರ್ ಇದ್ದರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಕುರ್ಚಿಯ ವಿಷಯ ಹೇಳಲೇಬೇಕು. ಕೈಯಿರುವ ಕುರ್ಚಿ ಒಯ್ಯುವಂತಿಲ್ಲ. ಅಲ್ಲಿನ ಅಂಗಡಿಯಲ್ಲೇ ಸಿಗುವ ಹಸಿರು ಮಡಚು ಕುರ್ಚಿ ಕೊಂಡೆವು. ಹಗುರ, ಹೆಗಲಿಗೆ ಹಾಕಿಕೊಳ್ಳಬಹುದು, ಬೆನ್ನಿಗೆ ಒಂದಿಷ್ಟು ಆಸರೆಯೂ ಇದೆ. ಹೆಚ್ಚು ಹೊತ್ತು ಕೂತರೆ ತೊಡೆಯ ಕೆಳಗೆ ಒತ್ತುತ್ತದೆ, ಮಂಡಿನೋವಿನವರಿಗೆ ಅಷ್ಟು ತಗ್ಗಿನಿಂದ ಏಳುವುದು ಕಷ್ಟ. ಆದರೆ ಅದರ ಬೆಲೆ ಇರುವುದು ಅಲ್ಲಿನ ಪದ್ಧತಿಯಲ್ಲಿ. ಹೆಸರಿನ ಚೀಟಿ ಸಿಕ್ಕಿಸಿ 16ನೇ ಗ್ರೀನ್ ಪಕ್ಕದಲ್ಲಿ ಇಟ್ಟು ಹೋದೆವು. ವಾಪಸು ಬಂದಾಗ ಒಂದರಲ್ಲಿ ಯಾರೋ ಕೂತಿದ್ದರು. ನಮ್ಮನ್ನು ಕಂಡದ್ದೇ ಎದ್ದು, ಕೈಯಿಂದ ಸೀಟು ಒರೆಸಿ, ಭಾವನವರಿಗೆ ಜಾಗ ಕೊಟ್ಟರು. ಖಾಲಿ ಕುರ್ಚಿಯಲ್ಲಿ ಯಾರಾದರೂ ಕೂರಬಹುದು, ಯಜಮಾನ ಬಂದರೆ ಏಳಬೇಕು, ಇಷ್ಟೇ ನಿಯಮ. ಕಾವಲಿಲ್ಲದೆ ಸಾವಿರಾರು ಜನ ಅದನ್ನು ಪಾಲಿಸುತ್ತಾರೆ.

ಪ್ರಾಕ್ಟೀಸ್ ದಿನದ ಮಜವೂ ಈ 16ರಲ್ಲೇ. ಆಟಗಾರರು ಮೊದಲ ಹೊಡೆತ ಮುಗಿಸಿ ಕೆರೆಯ ಅಂಚಿಗೆ ಬಂದ ಕೂಡಲೇ ಜನ "ಸ್ಕಿಪ್! ಸ್ಕಿಪ್!" ಅಂತ ಕೂಗುತ್ತಾರೆ. ಚೆಂಡನ್ನು ನೀರಿನ ಮೇಲೆ ಕುಪ್ಪಳಿಸಿ ಗ್ರೀನ್‌ಗೆ ಮುಟ್ಟಿಸಬೇಕು. 2009ರ ಪ್ರಾಕ್ಟೀಸಿನಲ್ಲಿ ಫಿಜಿ ದೇಶದ ವಿಜಯ್ ಸಿಂಗ್ ಹೀಗೆ ಹೊಡೆದ ಚೆಂಡು ನೇರ ಕುಳಿಗೇ ಬಿದ್ದಿತ್ತು. ಗಾಲ್ಫ್ ಗೊತ್ತಿಲ್ಲದ ನನ್ನಂಥವಳನ್ನೂ ಗಂಟೆಗಟ್ಟಲೆ ಕೂರಿಸಿಕೊಳ್ಳುವ ಜಾಗ ಅದು.

ಹೊರಗಿನ ತಿಂಡಿ ಬಿಡುವುದಿಲ್ಲ, ಚಪಾತಿ ಸುರುಳಿ ಆಸೆ ಬಿಡಿ. ಒಳಗೆ ಪಿಮೆಂಟೊ ಚೀಸ್ ಸ್ಯಾಂಡ್‌ವಿಚ್ 1.50 ಡಾಲರ್. ಮೆತ್ತನೆ ಬಿಳಿ ಬ್ರೆಡ್ಡು, ಸಿಹಿ ಕೆಂಪು ಮೆಣಸಿನಕಾಯಿ ಸೇರಿಸಿದ ಚೀಸ್, ಕೊನೆಗೆ ಸಣ್ಣ ಖಾರ. ನನಗೆ ಬಹಳ ರುಚಿಸಿತು. ಆದರೆ ಅದರಲ್ಲಿ ಮಯೋನೀಸ್ ಇರುತ್ತದೆ, ಅಂದರೆ ಮೊಟ್ಟೆ. ಶುದ್ಧ ಸಸ್ಯಾಹಾರಿಗಳು ಬೆಳಗ್ಗೆ ಹೊಟ್ಟೆತುಂಬ ತಿಂದೇ ಹೋಗಿ. ಪೀಚ್ ಐಸ್‌ಕ್ರೀಮ್ ಸ್ಯಾಂಡ್‌ವಿಚ್ 3 ಡಾಲರ್, ಬಿಸಿಲಿಗೆ ಹಿತ. ಶೌಚಾಲಯದ ಸಾಲು ಉದ್ದ ಕಂಡು ಹೆದರಬೇಡಿ, ಒಳಗೆ ದಾರಿ ತೋರಿಸುವವರು, ಒರೆಸುತ್ತಲೇ ಇರುವವರು ಇದ್ದಾರೆ, ಸಾಲು ಸರಸರ ಸರಿಯುತ್ತದೆ. ಅಮೆರಿಕದಲ್ಲಿ ಇಷ್ಟು ದೊಡ್ಡ ಜನಸಾಗರಕ್ಕೆ ಇಷ್ಟು ಚೊಕ್ಕ ವ್ಯವಸ್ಥೆ ನಾನು ಬೇರೆಲ್ಲೂ ಕಂಡಿಲ್ಲ.

ಹೊಗಳುತ್ತಾ ಇನ್ನೊಂದನ್ನು ಮರೆಯಬಾರದು. 1934ರಿಂದ ಟೂರ್ನಮೆಂಟು ನಡೆಸುತ್ತಿರುವ ಈ ಕ್ಲಬ್ಬು ಮೊದಲ ಕಪ್ಪುವರ್ಣೀಯ ಸದಸ್ಯರನ್ನು ಸೇರಿಸಿಕೊಂಡದ್ದು 1990ರಲ್ಲಿ, ಹೆಂಗಸರನ್ನು 2012ರಲ್ಲಿ. ಹೂಬಿಟ್ಟ ಅಜೇಲಿಯಾ ಪೊದೆಗಳ ನಡುವೆ ನಡೆಯುವಾಗ ಇದು ನನ್ನ ಮನಸ್ಸಿನಲ್ಲಿತ್ತು. ಹೂಗಳಂತೂ ಅಪ್ಪಟ. ಕ್ಲಬ್ಬಿಗೆ ಮೊದಲು ಅಲ್ಲಿದ್ದದ್ದು ಫ್ರೂಟ್‌ಲ್ಯಾಂಡ್ ಎಂಬ ಸಸ್ಯಕ್ಷೇತ್ರ, ಹದಿನೆಂಟು ಹೋಲಿಗೂ ಗಿಡಮರಗಳದ್ದೇ ಹೆಸರು.

ಆ ವರ್ಷ ಪ್ರಾಕ್ಟೀಸ್ ಟಿಕೆಟ್ 100 ಡಾಲರ್, ಪಂದ್ಯದ ದಿನದ್ದು 140. ಪಾರ್ಕಿಂಗ್ ಉಚಿತ. ಮೊದಲ ಸಲ ಹೋಗುವವರು ಪ್ರಾಕ್ಟೀಸ್ ದಿನವನ್ನೇ ಕೇಳಿ: ಫೋಟೋ ತೆಗೆಯಬಹುದು, ಆಟಗಾರರೂ ನಗುನಗುತ್ತಾ ಇರುತ್ತಾರೆ. ಮಕ್ಕಳಿದ್ದರೆ ಬುಧವಾರ, ಅಂದು ಪಾರ್-3 ಸ್ಪರ್ಧೆ (ಚಿಕ್ಕ ಹೋಲುಗಳ ಮೋಜಿನ ಆಟ), ಆಟಗಾರರ ಪುಟಾಣಿಗಳೂ ಬಿಳಿ ಅಂಗಿ ತೊಟ್ಟು ಬರುತ್ತಾರೆ. ಟಿಕೆಟ್ ಸಿಗುವುದು ಲಾಟರಿಯಲ್ಲಿ, ಅರ್ಜಿ ಹಿಂದಿನ ವರ್ಷ ಜೂನ್ ಹೊತ್ತಿಗೆ, ಮಾಸ್ಟರ್ಸ್‌ನದೇ ವೆಬ್‌ಸೈಟಿನಲ್ಲಿ. ಬೇರೆಯವರಿಂದ ದುಬಾರಿ ಕೊಟ್ಟು ಕೊಳ್ಳಬೇಡಿ. ಮರುಮಾರಾಟಕ್ಕೆ ಅವರ ಒಪ್ಪಿಗೆಯಿಲ್ಲ, ಗೇಟಿನಿಂದಲೇ ವಾಪಸಾಗಬೇಕಾದೀತು.