ವಾಯ್ಡ್ ವಾಲ್ಯೂಮ್ ಖಾಲಿ ಕೊಳವೆಗಿಂತ ಹೆಚ್ಚು ಬಂತೇ? ಮೆಥಡ್ ಮುಟ್ಟಬೇಡಿ

ಎಚ್‌ಪಿಎಲ್‌ಸಿ (ದ್ರವ ಕ್ರೊಮ್ಯಾಟೋಗ್ರಫಿ) ಕಾಲಮ್ ಒಳವ್ಯಾಸ 2.1, ಉದ್ದ 50 ಮಿ.ಮೀ., ಫ್ಲೋ ನಿಮಿಷಕ್ಕೆ 0.2 ಮಿ.ಲೀ. ಕಾಲಮ್‌ನಲ್ಲಿ ನಿಲ್ಲದೆ ದ್ರವದ ಜೊತೆಗೇ ಹೊರಬರುವ ಯುರಾಸಿಲ್‌ನ ಪೀಕ್ 0.90 ನಿಮಿಷಕ್ಕೆ ಬಂತು. ಗುಣಿಸಿದರೆ 180 ಮೈಕ್ರೋಲೀಟರ್. ಅದೇ ವಾಯ್ಡ್ ವಾಲ್ಯೂಮ್ (ಕಾಲಮ್ ಒಳಗೆ ದ್ರವಕ್ಕಿರುವ ಜಾಗ) ಎಂದು ಬರೆದಿಟ್ಟದ್ದಾಯಿತು. 2.10 ನಿಮಿಷದ ಮುಖ್ಯ ಪೀಕ್‌ಗೆ ಈ ಲೆಕ್ಕದಲ್ಲಿ ಕೆ ಮೌಲ್ಯ (ಯುರಾಸಿಲ್ ಸಮಯದ ಎಷ್ಟು ಪಟ್ಟು ಹೆಚ್ಚು ಹೊತ್ತು ಪೀಕ್ ಕಾಲಮ್‌ನಲ್ಲಿ ನಿಂತಿತು ಎಂಬ ಅಳತೆ) 1.33. ಮೆಥಡ್ ಕೇಳುವುದು ಕನಿಷ್ಠ 2. ಸರಿ, ಕೆ ಏರಿಸಲು ದ್ರಾವಕದಲ್ಲಿ ಅಸಿಟೋನೈಟ್ರೈಲ್ ಇಳಿಸಿದರು. ರನ್ ಉದ್ದವಾಯಿತು, ಬೇರೆಬೇರೆಯಾಗಿ ಬರುತ್ತಿದ್ದ ಎರಡು ಪೀಕ್‌ಗಳು ಒಂದರ ಮೇಲೊಂದು ಕೂತವು.

ತಪ್ಪು ಸಿಕ್ಕಿಬೀಳಲು ಕ್ಯಾಲ್ಕ್ಯುಲೇಟರ್ ಸಾಕಿತ್ತು. ತ್ರಿಜ್ಯ 0.105 ಸೆಂ.ಮೀ., ಉದ್ದ 5 ಸೆಂ.ಮೀ.; ಪೈ, ತ್ರಿಜ್ಯದ ವರ್ಗ, ಉದ್ದ ಮೂರನ್ನೂ ಗುಣಿಸಿದರೆ ಖಾಲಿ ಕೊಳವೆಗೇ 173 ಮೈಕ್ರೋಲೀಟರ್. ಸಿಲಿಕಾ ತುಂಬಿದ ಕೊಳವೆ 180 ಹಿಡಿಯುವುದಾದರೂ ಹೇಗೆ? ಪೂರ್ತಿ ರಂಧ್ರವಿರುವ ಕಣಗಳಾದರೆ ದ್ರವಕ್ಕೆ ಉಳಿಯುವ ಜಾಗ ಸುಮಾರು ಶೇ. 60ರಿಂದ 70. ಗಟ್ಟಿ ತಿರುಳಿನ ಸುತ್ತ ಮಾತ್ರ ರಂಧ್ರವಿರುವ ಕೋರ್-ಶೆಲ್ ಕಣಗಳಲ್ಲಿ ಇನ್ನೂ ಕಡಿಮೆ.

ಹೆಚ್ಚುವರಿ ಸೇರಿಕೊಂಡದ್ದು ಇಂಜೆಕ್ಟರ್‌ನಿಂದ ಡಿಟೆಕ್ಟರ್ ಸೆಲ್‌ವರೆಗಿನ ಟ್ಯೂಬಿಂಗ್‌ನಿಂದ. ಕಾಲಮ್ ಬಿಚ್ಚಿ, ಆ ಜಾಗಕ್ಕೆ ಡೆಡ್ ವಾಲ್ಯೂಮ್ ಇಲ್ಲದ ಯೂನಿಯನ್ (ಎರಡು ಟ್ಯೂಬ್ ಜೋಡಿಸುವ ತುಂಡು) ಹಾಕಿ, ಅದೇ ಫ್ಲೋದಲ್ಲಿ ಯುರಾಸಿಲ್ ಮತ್ತೆ ಇಂಜೆಕ್ಟ್ ಮಾಡಿ, 254 ನ್ಯಾನೋಮೀಟರ್‌ನಲ್ಲಿ ನೋಡಿ. ಪೀಕ್ ತೀರಾ ಕಿರಿದು, ಡೇಟಾ ರೇಟ್ ಏರಿಸದಿದ್ದರೆ ತುದಿ ಸಿಗುವುದಿಲ್ಲ. ಕಾಲಮ್ ಇಲ್ಲದೆ ಒತ್ತಡ ಕುಸಿದು ಪಂಪ್ ತಡವರಿಸಿದರೆ ಸಣ್ಣ ಕ್ಯಾಪಿಲರಿಯೊಂದನ್ನು ಪಂಪ್ ಮತ್ತು ಇಂಜೆಕ್ಟರ್ ನಡುವೆ ಸೇರಿಸಿ. ಇಂಜೆಕ್ಟರ್ ಆಚೆಗೆ ಹಾಕಿದಿರೋ, ಅದರ ವಾಲ್ಯೂಮೂ ಲೆಕ್ಕಕ್ಕೆ ಬಂತು.

ಈ ಉಪಕರಣದಲ್ಲಿ ಬಂದದ್ದು 0.32 ನಿಮಿಷ, ಅಂದರೆ 64 ಮೈಕ್ರೋಲೀಟರ್. ಕಳೆದರೆ ಕಾಲಮ್‌ನದು 116, ಕೊಳವೆಯ ಶೇ. 67. ಎರಡೂ ಸಮಯಗಳಿಂದ 0.32 ಕಳೆದರೆ 1.78 ಮತ್ತು 0.58, ಕೆ ಮೌಲ್ಯ 2.07. ಮೆಥಡ್ ಮೊದಲೇ ಸರಿಯಿತ್ತು! 4.6 × 150 ಕಾಲಮ್‌ನಲ್ಲಿ ವಾಯ್ಡ್ ಸುಮಾರು 1.6 ಮಿ.ಲೀ., ಅಲ್ಲಿ ಇದೇ 64 ಮೈಕ್ರೋಲೀಟರ್ ಶೇ. 4 ಅಷ್ಟೇ. ಅದಕ್ಕೇ ದೊಡ್ಡ ಕಾಲಮ್ ಬಳಸಿ ರೂಢಿಯಾದ ಕೈಗಳಿಗೆ ಇದು ಹೊಳೆಯುವುದಿಲ್ಲ.

ಲೆಕ್ಕದ ಹಾಳೆಯಲ್ಲಿ ತ್ರಿಜ್ಯದ ಜಾಗಕ್ಕೆ ವ್ಯಾಸ ತುಂಬಿದರೆ ಉತ್ತರ ನೇರ 4 ಪಟ್ಟು. ಇದು ನಾಚಿಕೆ ಹುಟ್ಟಿಸುವಷ್ಟು ಸಾಮಾನ್ಯ. ಹಿಲಿಕ್ (ನೀರಿಗೆ ಒಲಿಯುವ ಅಣುಗಳನ್ನು ಹಿಡಿದಿಡುವ) ಕಾಲಮ್‌ಗೆ ಯುರಾಸಿಲ್ ಬೇಡ, ಅದು ಅಲ್ಲಿ ಹಿಡಿದುಕೊಳ್ಳುತ್ತದೆ, ಟಾಲ್ಯೂಯಿನ್ ಹಾಕಿ.