ಡಬ್ಬಿಯ ಮೇಲಿನ 4.50: ಏರ್ ರೈಫಲ್ ಪೆಲೆಟ್‌ಗಳ ವಿಮರ್ಶೆ

ಮಗಳ ಹತ್ತು ಮೀಟರ್ ಏರ್ ರೈಫಲ್ ಅಭ್ಯಾಸಕ್ಕೆಂದು ಮಂಡ್ಯದಿಂದ ಮೈಸೂರಿಗೆ ಹೋಗಿ, ಅಲ್ಲಿನ ಅಂಗಡಿಯೊಂದರಿಂದ 4.50 ಮಿ.ಮೀ. ತಲೆಯಳತೆಯ, ಚಪ್ಪಟೆ ಮೂತಿಯ 500 ಪೆಲೆಟ್‌ಗಳ (ಗಾಳಿಯ ಒತ್ತಡದಿಂದ ಹಾರುವ ಸೀಸದ ಪುಟ್ಟ ಗುಂಡುಗಳ) ಎರಡು ಡಬ್ಬಿಗಳನ್ನು ತಂದಿದ್ದೆ. ಮದ್ದಿನ ರೈಫಲ್‌ನಲ್ಲಿ ಹಾರಿಸಿದ ತೋಟೆಯ ಹಿತ್ತಾಳೆ ಕವಚ ಹಿಗ್ಗಿದರೆ, ಅದರ ಕತ್ತನ್ನು ಡೈಗೆ, ಅಂದರೆ ಅಳತೆಯ ಉಕ್ಕಿನ ಅಚ್ಚಿಗೆ, ಒತ್ತಿ, ಗುಂಡನ್ನು ಬಿಗಿಯಾಗಿ ಹಿಡಿಯುವ ಅಳತೆಗೆ ಮರಳಿ ತರಬಹುದು. ಒಮ್ಮೆ ಹೊಡೆದರೆ ಮುಗಿದುಹೋಗುವ ಸೀಸದ ಪೆಲೆಟ್‌ಗೆ ಆ ಅವಕಾಶವಿಲ್ಲವಾದ್ದರಿಂದ ಡಬ್ಬಿಯ ಮೇಲಿನ ಅಂಕಿಯನ್ನೇ ನಂಬಬೇಕಾಗುತ್ತದೆ.

ಮೊದಲ ಡಬ್ಬಿ ಆ ನಂಬಿಕೆಯನ್ನು ಉಳಿಸಿಕೊಂಡಿತು. ರೈಫಲನ್ನು ಅಲುಗಾಡದಂತೆ ಬಿಗಿದು ಹೊಡೆದ ಐದೈದು ಹೊಡೆತಗಳು ಕಾಗದದಲ್ಲಿ ಹೆಚ್ಚುಕಡಿಮೆ ಒಂದೇ ತೂತಿನಂತೆ ಕಂಡವು. ಹತ್ತು ಅಂಕದ ಚುಕ್ಕೆಯ ವ್ಯಾಸ ಕೇವಲ 0.5 ಮಿ.ಮೀ. ಇರುವ ಆಟದಲ್ಲಿ ಇದು ಸಣ್ಣ ಮಾತಲ್ಲ.

ಎರಡನೆಯ ಡಬ್ಬಿಯ ಕಥೆಯೇ ಬೇರೆ. ಕನ್ನಡಕ ಏರಿಸಿಕೊಂಡು, ಬಿಳಿ ಹಾಳೆಯ ಮೇಲೆ ಹರಡಿ ನೋಡಿದಾಗ, ಕೆಲವು ಪೆಲೆಟ್‌ಗಳ ಹಿಂಬದಿಯ ತೆಳುವಾದ ಅಂಚು ನಗ್ಗಿ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಗಾಳಿ ಸೋರದಂತೆ ನಳಿಗೆಯನ್ನು ಮುಚ್ಚುವುದು ಆ ಅಂಚೇ. ಪೆಲೆಟನ್ನು ನಳಿಗೆಯೊಳಕ್ಕೆ ತಳ್ಳುವ ಬೋಲ್ಟನ್ನು ಮುಂದಕ್ಕೆ ದೂಡುವಾಗ ಕೆಲವು ಸಡಿಲವಾಗಿ ಜಾರಿದವು, ಕೆಲವು ಹಟ ಹಿಡಿದವು. ಹೊಡೆತಗಳೂ ಹಾಗೆಯೇ ಚದುರಿದವು. ಬಿಲ್ಲು ತೋರಿಸಿದರೂ ಅಂಗಡಿಯವರು ತೆರೆದ ಡಬ್ಬಿಯನ್ನು ವಾಪಸು ಪಡೆಯಲಿಲ್ಲ. ಬಸ್ ಚಾರ್ಜೂ ದಂಡ!

ಆರಿಸಿ ತೆಗೆದವುಗಳನ್ನು ಮಗಳು ಸ್ಪರ್ಧೆಗೆ, ಉಳಿದವನ್ನು ಬರೀ ಭಂಗಿಯ ಅಭ್ಯಾಸಕ್ಕೆ ಬಳಸುತ್ತಿದ್ದಾಳೆ. ಮುಂದಿನ ಸಲ ಅಂಗಡಿಯಲ್ಲೇ ಮುಚ್ಚಳ ತೆಗೆಸಿ ನೋಡಿದ ಮೇಲೆಯೇ ಹಣ ಕೊಡುತ್ತೇನೆ.